ಅಂಗಳ ಕೊಳೆಯಾಗದೆ ಬೈಕಿಗೆ ಬಣ್ಣ

ಕಾಸರಗೋಡಿನ ಕಡಲ ಬದಿಯಲ್ಲಿ ಬೈಕ್ ಇಟ್ಟುಕೊಂಡವರಿಗೆ ತುಕ್ಕಿನ ವಿಷಯ ಹೇಳಿಕೊಡಬೇಕಾಗಿಲ್ಲ. ಮಂಜೇಶ್ವರದಿಂದ ತೃಕ್ಕರಿಪುರದ ತನಕ ಉಪ್ಪುಗಾಳಿ, ಜೂನ್‌ನಿಂದ ನಾಲ್ಕು ತಿಂಗಳು ಮಳೆ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಸೈಡ್ ಸ್ಟ್ಯಾಂಡ್, ಸಾರಿ ಗಾರ್ಡ್, ಕ್ರ್ಯಾಶ್ ಗಾರ್ಡ್‌ಗಳಲ್ಲಿ ಕಂದು ಚುಕ್ಕೆ ಏಳುತ್ತದೆ. ಇವಕ್ಕೆಲ್ಲ ಸ್ಪ್ರೇ ಡಬ್ಬಿಯಿಂದ ಮನೆಯಲ್ಲೇ ಚಂದವಾಗಿ ಬಣ್ಣ ಹೊಡೆಯಬಹುದು. ಬಣ್ಣ ಬೈಕಿನ ಮೇಲೆ ಮಾತ್ರ ಬೀಳುವ ಹಾಗೆ ಮಾಡುವುದೇ ಕಷ್ಟದ ಕೆಲಸ.

ನಾನು ಮೊದಲ ಸಲ ಹೊಡೆದದ್ದು ಒಂದು ಜನವರಿಯ ಮಧ್ಯಾಹ್ನ, ಜಾಲಿನಲ್ಲಿ. ಅಂಗಳಕ್ಕೆ ನಮ್ಮ ಕಡೆ ಜಾಲು ಅಂತಲೇ ಹೇಳುವುದು. ಕೆಳಗೆ ನಾಲ್ಕು ಪೇಪರ್ ಹಾಸಿದ್ದೆ, ಅಷ್ಟು ಸಾಕು ಅಂದುಕೊಂಡಿದ್ದೆ. ಹನ್ನೆರಡು ಗಂಟೆ ಹೊತ್ತಿಗೆ ಕಡಲ ಗಾಳಿ ಎದ್ದಿತು. ಸಂಜೆ ಹಗ್ಗದಿಂದ ತೆಗೆದ ಅಪ್ಪನ ಬಿಳಿ ಮುಂಡಿನ ತುಂಬ ಸಾಸಿವೆಗಿಂತ ಸಣ್ಣ ಕಪ್ಪು ಚುಕ್ಕೆ. ಒಣಹಾಕಿದ್ದ ಅಡಿಕೆಯಲ್ಲಿ ಅಂಚಿನದ್ದನ್ನೂ ಆರಿಸಿ ಬಿಸಾಡಬೇಕಾಯಿತು. ಅಮ್ಮ ಬೈಯಲಿಲ್ಲ. "ಗಾಳಿ ಯಾವ ಕಡೆಯಿಂದ ಬರುತ್ತದೆ ಅಂತ ನೋಡಬಾರದಿತ್ತಾ ಮಗ?" ಎಂದು ಮಾತ್ರ ಕೇಳಿದರು. ಆ ಮಾತು ಇವತ್ತಿಗೂ ನೆನಪಿದೆ.

ಡಬ್ಬಿಯಿಂದ ಹೊರಟ ಬಣ್ಣವೆಲ್ಲ ಕಬ್ಬಿಣಕ್ಕೆ ಅಂಟುವುದಿಲ್ಲ. ಒಂದಷ್ಟು ಹಿಟ್ಟಿನ ಹಾಗೆ ಗಾಳಿಯಲ್ಲೇ ಒಣಗಿ ಹಾರುತ್ತದೆ, ಕಂಡ ಕಡೆ ಕೂರುತ್ತದೆ. ಹಾಗಾಗಿ ಅದಕ್ಕೊಂದು ಗೂಡು ಬೇಕು. ಫ್ರಿಜ್ ಅಥವಾ ವಾಷಿಂಗ್ ಮೆಷಿನ್ ಬಂದ ದೊಡ್ಡ ರಟ್ಟಿನ ಪೆಟ್ಟಿಗೆ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಕೇಳಿದರೆ ಸಿಗುತ್ತದೆ. ಒಂದು ಬದಿಯನ್ನು ಪೂರ್ತಿ ಕತ್ತರಿಸಿ, ಬಾಯಿ ನಿಮ್ಮ ಕಡೆ ಬರುವ ಹಾಗೆ ನಿಲ್ಲಿಸಿ. ಮೇಲಿನಿಂದ ಒಂದು ಕೋಲು ತೂರಿಸಿ, ತಂತಿಯ ಕೊಕ್ಕೆ ಮಾಡಿ ಪಾರ್ಟ್ ತೂಗುಹಾಕಿ. ತೂಗುಹಾಕಿದರೆ ಕೈ ತಾಗಿಸದೆ ನಾಲ್ಕೂ ಸುತ್ತ ಹೊಡೆಯಬಹುದು. ಪೆಟ್ಟಿಗೆಯ ತಳಕ್ಕೆ ಒದ್ದೆ ಗೋಣಿ ಹಾಸಿ. ಬಿದ್ದ ಬಣ್ಣದ ಹುಡಿ ಅದರಲ್ಲೇ ಹಿಡಿದುಕೊಳ್ಳುತ್ತದೆ. ಸುತ್ತಲಿನ ನೆಲಕ್ಕೂ ನೀರು ಚಿಮುಕಿಸಿ, ಇಲ್ಲದಿದ್ದರೆ ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ಕೆಂಪು ಧೂಳು ಎದ್ದು ಹಸಿ ಬಣ್ಣಕ್ಕೆ ಕೂರುತ್ತದೆ.

ಹೊತ್ತು ನೋಡಿಕೊಳ್ಳುವುದೂ ಮುಖ್ಯ. ಡಿಸೆಂಬರ್‌ನಿಂದ ಫೆಬ್ರವರಿ ಒಳ್ಳೆಯದು. ಬೆಳಗ್ಗೆ ಇಬ್ಬನಿ ಆರಿದ ಮೇಲೆ ಒಂಬತ್ತಕ್ಕೆ ಸುರು ಮಾಡಿ, ಕಡಲ ಗಾಳಿ ಏಳುವ ಮೊದಲು ಮುಗಿಸಿ. ಮಳೆಗಾಲದಲ್ಲಂತೂ ಬೇಡವೇ ಬೇಡ. ಗಾಳಿಯ ತೇವ ಹಸಿ ಬಣ್ಣದ ಮೇಲೆ ಕೂತು ಹೊಳಪೆಲ್ಲ ಬೆಳ್ಳಗೆ ಮಬ್ಬಾಗುತ್ತದೆ. ನೇರ ಬಿಸಿಲೂ ಆಗುವುದಿಲ್ಲ. ಕಾದ ತಗಡಿನ ಮೇಲೆ ಬಣ್ಣ ಹರಡುವ ಮೊದಲೇ ಒಣಗಿ ಒರಟಾಗುತ್ತದೆ. ಅಡಿಕೆ ಒಣಗುವುದೂ ಇದೇ ತಿಂಗಳುಗಳಲ್ಲಿ. ಜಾಲು ಆಗ ಅಡಿಕೆಗೆ ಸೇರಿದ್ದು, ನೀವು ಮನೆಯ ಹಿಂದೆ ನೆರಳಿರುವ ಜಾಗ ಹುಡುಕಿಕೊಳ್ಳಿ.

ಪಾರ್ಟನ್ನು ಬಿಚ್ಚಿಯೇ ಹೊಡೆಯಬೇಕು. ಬೈಕಿನಲ್ಲಿರುವಾಗಲೇ ಪೇಪರ್ ಸುತ್ತಿ ಹೊಡೆಯುವುದು ಸುಲಭ ಅನಿಸುತ್ತದೆ, ಆದರೆ ಎಂಜಿನ್‌ಗೂ ಟಯರಿಗೂ ಬಣ್ಣ ತಾಗದೆ ಇರುವುದಿಲ್ಲ. ಬಿಚ್ಚುವ ಮೊದಲು ಫೋನಿನಲ್ಲಿ ಒಂದು ಫೋಟೋ ತೆಗೆದಿಟ್ಟುಕೊಳ್ಳಿ. ಬ್ರೇಕ್ ಡಿಸ್ಕ್, ಚೈನ್, ಫೋರ್ಕಿನ ಹೊಳೆಯುವ ರಾಡ್ ಇವಕ್ಕೆ ಬಣ್ಣ ತಾಗಲೇಬಾರದು. ಸೈಲೆನ್ಸರ್‌ಗೆ ಶಾಖ ತಡೆಯುವ ಬಣ್ಣವೇ ಬೇರೆ ಇದೆ. ಪೆಟ್ರೋಲ್ ಟ್ಯಾಂಕ್ ಮನೆಯಲ್ಲಿ ಮಾಡಬೇಡಿ. ಖಾಲಿ ಟ್ಯಾಂಕಿನ ಒಳಗಿನ ಆವಿ ಬೆಂಕಿ ಹಿಡಿಯುತ್ತದೆ, ಸಾಮಾನ್ಯ ಡಬ್ಬಿಯ ಬಣ್ಣ ಪೆಟ್ರೋಲ್ ಬಿದ್ದರೆ ಏಳುತ್ತದೆ. ಆರ್‌ಸಿಯಲ್ಲಿ ಬಣ್ಣ ಬರೆದಿರುವುದರಿಂದ ಗಾಡಿಯ ಬಣ್ಣವನ್ನೇ ಬದಲಿಸುವುದಾದರೆ ಆರ್‌ಟಿಒ ಕಚೇರಿಯ ಕೆಲಸವೂ ಇದೆ.

ಇನ್ನು ಉಜ್ಜುವುದು. ಹೆಚ್ಚು ಹೊತ್ತು ಹಿಡಿಯುವುದು ಇಲ್ಲೇ, ಹಿಡಿಯಲಿ. ಸೋಪು ನೀರಿನಲ್ಲಿ ತೊಳೆದು ಎಣ್ಣೆ ಜಿಡ್ಡು ತೆಗೆಯಿರಿ. ತುಕ್ಕಿಗೆ 180 ನಂಬರಿನ ಎಮರಿ ಪೇಪರ್, ಕಬ್ಬಿಣ ಬೆಳ್ಳಗೆ ಕಾಣುವ ತನಕ. ಆಮೇಲೆ 400ರ ವಾಟರ್ ಪೇಪರಿನಲ್ಲಿ ನೀರು ಹಾಕಿ ಉಜ್ಜಿ. ಹಳೆ ಬಣ್ಣದ ಅಂಚಿನ ಮೇಲೆ ಕಣ್ಣು ಮುಚ್ಚಿ ಬೆರಳು ಎಳೆಯಿರಿ. ಮೆಟ್ಟಿಲು ಸಿಕ್ಕಿದರೆ ಇನ್ನೂ ಉಜ್ಜಬೇಕು, ಕಣ್ಣಿಗಿಂತ ಬೆರಳಿಗೆ ಚೆನ್ನಾಗಿ ಗೊತ್ತಾಗುತ್ತದೆ. ಪೂರ್ತಿ ಒಣಗಿಸಿ, ಬಟ್ಟೆಗೆ ಸ್ವಲ್ಪ ಥಿನ್ನರ್ ಹಾಕಿ ಒರೆಸಿ. ಪ್ಲಾಸ್ಟಿಕ್ ಆದರೆ ಥಿನ್ನರ್ ಬೇಡ, ಕರಗುತ್ತದೆ. ಬೋಲ್ಟಿನ ತೂತಿಗೆ ಪೇಪರ್ ಹುರಿ ಮಾಡಿ ತುರುಕಿ, ಇಲ್ಲದಿದ್ದರೆ ತೂತಿನ ಒಳಗಿನ ಸುರುಳಿ ಗೆರೆಗಳಲ್ಲಿ ಬಣ್ಣ ಕೂತು ಬೋಲ್ಟ್ ಹಿಡಿಯುವುದಿಲ್ಲ. ಬಣ್ಣ ಬೇಡದ ಕಡೆಗೆ ಮಾಸ್ಕಿಂಗ್ ಟೇಪ್ ಹಚ್ಚಿ, ಅದರ ಮೇಲೆ ಪೇಪರ್ ಎರಡು ಪದರ. ಒಂದೇ ಪದರವಾದರೆ ಬಣ್ಣ ಸೋರಿ ಒಳಗೆ ಹೋಗುತ್ತದೆ.

ಕೈಗೆ ಗ್ಲೌಸ್, ಕಣ್ಣಿಗೆ ಕನ್ನಡಕ, ತಲೆಗೆ ಬೈರಾಸು ಅಥವಾ ಮುಟ್ಟಾಳೆ. ಬಟ್ಟೆಯ ಮಾಸ್ಕ್ ಈ ಹೊಗೆಗೆ ಏನೂ ಆಗುವುದಿಲ್ಲ. ಕಾರ್ಬನ್ ಫಿಲ್ಟರ್ ಇರುವ ಮಾಸ್ಕನ್ನೇ ತನ್ನಿ. ಬಚ್ಚಲ ಒಲೆ ಉರಿಯುತ್ತಿದ್ದರೆ ಅದರ ಹತ್ತಿರ ಡಬ್ಬಿ ಒಯ್ಯಲೇಬೇಡಿ. ಒಳಗಿನ ಗ್ಯಾಸಿಗೆ ಬೆಂಕಿ ಹಿಡಿಯುತ್ತದೆ.

ಮೊದಲು ಬಣ್ಣ ಹಿಡಿದು ನಿಲ್ಲಲು ಪ್ರೈಮರ್, ಆಮೇಲೆ ಬಣ್ಣ, ಕೊನೆಗೆ ಮೇಲಿನ ಪಾರದರ್ಶಕ ಪದರವಾದ ಕ್ಲಿಯರ್. ಅಲ್ಯೂಮಿನಿಯಂಗೂ ಪ್ಲಾಸ್ಟಿಕ್‌ಗೂ ಪ್ರೈಮರ್ ಬೇರೆ ಬೇರೆ, ಅಂಗಡಿಯಲ್ಲಿ ಹೇಳಿಯೇ ತನ್ನಿ. ಡಬ್ಬಿಯನ್ನು ಒಳಗಿನ ಗೋಲಿಯ ಸದ್ದು ಕೇಳಲು ಸುರುವಾದ ಮೇಲೂ ಎರಡು ನಿಮಿಷ ಅಲ್ಲಾಡಿಸಿ. ಪಾರ್ಟಿನಿಂದ ಒಂದು ಗೇಣು ದೂರ ಹಿಡಿಯಿರಿ. ಗುಂಡಿ ಒತ್ತುವುದು ಪಾರ್ಟಿನ ಅಂಚಿಗೆ ಬರುವ ಮೊದಲೇ, ಬಿಡುವುದು ಆ ಕಡೆಯ ಅಂಚು ದಾಟಿದ ಮೇಲೆ. ಕೈ ಒಂದೇ ವೇಗದಲ್ಲಿ ಹೋಗಲಿ. ಮೊದಲ ಕೋಟ್ ಮಂಜು ಕವಿದ ಹಾಗೆ, ಕೆಳಗಿನದು ಕಾಣುತ್ತಲೇ ಇರಬೇಕು. ಇಲ್ಲೇ ಎಲ್ಲರೂ ಅವಸರ ಮಾಡುವುದು. ಮುಚ್ಚಲಿಲ್ಲ ಅಂತ ಅಲ್ಲೇ ಮತ್ತೆ ಒತ್ತಿದರೆ ಬಣ್ಣ ಕಣ್ಣೀರಿನ ಹಾಗೆ ಇಳಿಯುತ್ತದೆ. ಹತ್ತು ನಿಮಿಷ ಬಿಟ್ಟು ಇನ್ನೊಂದು ಕೋಟ್, ಮತ್ತೆ ಹತ್ತು ನಿಮಿಷ, ಇನ್ನೊಂದು. ನಡುನಡುವೆ ಡಬ್ಬಿಯ ಮೂತಿ ಒರೆಸಿ, ಅಲ್ಲಿ ಹನಿ ಕಟ್ಟಿದರೆ ಪಟ್ ಅಂತ ಸಿಡಿಯುತ್ತದೆ. ಬಣ್ಣ ಇಳಿದರೆ ಗಾಬರಿ ಬೇಡ, ಮುಟ್ಟಬೇಡಿ. ಮರುದಿನ 800ರ ವಾಟರ್ ಪೇಪರಿನಲ್ಲಿ ಉಜ್ಜಿ ಮತ್ತೆ ಹೊಡೆದರಾಯಿತು.

ಬಣ್ಣ ಪೂರ್ತಿ ಗಟ್ಟಿಯಾಗುವ ಮೊದಲೇ ಟೇಪನ್ನು ನಿಧಾನಕ್ಕೆ ಹಿಂದಕ್ಕೆ ಮಡಚಿ ಎಳೆಯಿರಿ. ಡಬ್ಬಿಯಲ್ಲಿ ಬಣ್ಣ ಉಳಿದಿದ್ದರೆ ತಲೆಕೆಳಗೆ ಹಿಡಿದು, ಬರೀ ಗ್ಯಾಸ್ ಬರುವ ತನಕ ಪೆಟ್ಟಿಗೆಯೊಳಗೆ ಒತ್ತಿ. ಮೂತಿ ಕಟ್ಟುವುದಿಲ್ಲ.

ಥಿನ್ನರ್ ಒರೆಸಿದ ಬಟ್ಟೆಯನ್ನು ಬಾವಿಕಟ್ಟೆಯಲ್ಲಿ ಹಿಂಡಬೇಡಿ, ಮಿಕ್ಕಿದ ಥಿನ್ನರನ್ನು ಗುಡ್ಡೆಗೆ ಚೆಲ್ಲಬೇಡಿ. ನಮ್ಮ ಮುರಕಲ್ಲು ನೀರನ್ನು ಇಳಿಸಿಕೊಳ್ಳುತ್ತದೆ. ಆ ಗುಡ್ಡೆಯ ಒಳಗೆ ನೀರಿಗೆಂದೇ ಅಡ್ಡಕ್ಕೆ ಕೊರೆದ ಸುರಂಗದ ನೀರನ್ನೇ ಎಷ್ಟೋ ಮನೆಗಳಲ್ಲಿ ಕುಡಿಯುತ್ತಾರೆ, ಅಲ್ವಾ? ಉಳಿದ ಥಿನ್ನರ್ ಮುಚ್ಚಳ ಬಿಗಿದು ಇಡಿ. ಖಾಲಿ ಡಬ್ಬಿಗೆ ತೂತು ಮಾಡುವುದೂ ಬೇಡ, ಒಲೆಗೆ ಹಾಕುವುದೂ ಬೇಡ. ಮನೆ ಮನೆಯಿಂದ ಕಸ ಒಯ್ಯುವ ಹರಿತ ಕರ್ಮ ಸೇನೆಯವರು ಬಂದಾಗ ಪೈಂಟಿನ ಡಬ್ಬಿ ಅಂತ ಹೇಳಿ ಬೇರೆಯಾಗಿ ಕೊಡಿ.

ಮುಟ್ಟಲು 24 ಗಂಟೆ, ಬೈಕಿಗೆ ಕೂರಿಸಲು ಸಾಧ್ಯವಾದರೆ ಒಂದು ವಾರ ಕಾಯಿರಿ. ಬೋಲ್ಟ್ ಬಿಗಿಯುವಾಗ ಅದರ ಕೆಳಗೆ ವಾಷರ್ ಇರಲಿ, ಹೊಸ ಬಣ್ಣ ಬಿರಿಯುವುದಿಲ್ಲ. ಗೋಣಿಯನ್ನು ಒಣಗಿಸಿ, ಪೆಟ್ಟಿಗೆಯನ್ನು ಮಡಚಿ ಅಟ್ಟಕ್ಕೆ ಹಾಕಿಡಿ. ನನ್ನ ಪೆಟ್ಟಿಗೆಯ ಒಳಬದಿಯಲ್ಲಿ ಈಗ ನಾಲ್ಕು ಬಣ್ಣಗಳಿವೆ, ಹೊರಬದಿ ಅಂಗಡಿಯಿಂದ ತಂದಾಗ ಹೇಗಿತ್ತೋ ಹಾಗೆಯೇ ಇದೆ.