ಎರಡನೇ ಬಯಾಲಜಿಕ್ ಸೇರಿಸುವ ಮುನ್ನ ಮತ್ತು ಸೇರಿಸಿದ ಮೇಲೆ

ಕ್ರೋನ್ಸ್ ಅಥವಾ ಅಲ್ಸರೇಟಿವ್ ಕೊಲೈಟಿಸ್ (ಎರಡೂ ಕರುಳಿನ ದೀರ್ಘಕಾಲದ ಉರಿಯೂತದ ಕಾಯಿಲೆಗಳು) ಇರುವವರು ಒಂದು ಬಯಾಲಜಿಕ್ (ಜೀವಕೋಶಗಳಿಂದ ತಯಾರಿಸಿದ, ಡ್ರಿಪ್ ಅಥವಾ ಇಂಜೆಕ್ಷನ್ ಆಗಿ ಕೊಡುವ ಉರಿಯೂತ ತಡೆಯುವ ಔಷಧ) ನಾಟುತ್ತಿಲ್ಲ ಎಂದು ಇನ್ನೊಂದನ್ನು ಕೇಳುವ ಮೊದಲು, ಮೊದಲನೆಯದು ನಿಜಕ್ಕೂ ಸೋತಿದೆಯೇ ಎಂದು ಖಚಿತಪಡಿಸಿಕೊಳ್ಳಬೇಕು. ಅರ್ಧ ಕೆಲಸ ಅಲ್ಲೇ ಇದೆ.

ಮಲದಲ್ಲಿ ಕ್ಯಾಲ್‌ಪ್ರೊಟೆಕ್ಟಿನ್ ಎಂಬ, ಉರಿಯೂತದ ಸುಳಿವು ಕೊಡುವ ಪ್ರೋಟೀನ್ ನೋಡಿಸಿ. ಗ್ರಾಂಗೆ 250 ಮೈಕ್ರೋಗ್ರಾಂ ದಾಟಿದ್ದರೆ ಕರುಳಿನಲ್ಲಿ ಉರಿಯೂತ ಇರುವ ಸಾಧ್ಯತೆ ಹೆಚ್ಚು. ಆದರೆ ಸಿ. ಡಿಫಿಸಿಲ್ ಎಂಬ ಬ್ಯಾಕ್ಟೀರಿಯಾದ ಸೋಂಕಿನಲ್ಲೂ ಅದು ಏರುತ್ತದೆ, ಹಾಗಾಗಿ ಅದೇ ಮಲದಲ್ಲಿ ಅದನ್ನೂ ಹುಡುಕಿಸಿ. ಕೊಲೈಟಿಸ್ ಜೋರಾಗಿದ್ದರೆ ಬಯಾಪ್ಸಿಯಲ್ಲಿ (ಕರುಳಿನಿಂದ ತೆಗೆದ ಚೂರಿನ ಪರೀಕ್ಷೆ) ಸಿಎಂವಿ ವೈರಸ್ ಇದೆಯೇ ನೋಡಬೇಕು.

ಆಮೇಲೆ ರಕ್ತದಲ್ಲಿ ಔಷಧದ ಮಟ್ಟ. ಮುಂದಿನ ಡೋಸ್ ಕೊಡುವ ಸ್ವಲ್ಪ ಮುಂಚೆ ರಕ್ತ ತೆಗೆಯಬೇಕು. ಡ್ರಿಪ್ ಹಾಕಿದ ಮೇಲೆ ತೆಗೆದರೆ ಆ ಅಂಕಿಗೆ ಬೆಲೆಯಿಲ್ಲ. ಬಯಾಲಜಿಕ್ ಇನ್‌ಫ್ಲಿಕ್ಸಿಮ್ಯಾಬ್ ಆದರೆ ಮಿಲಿಲೀಟರ್‌ಗೆ ಕನಿಷ್ಠ 5 ಮೈಕ್ರೋಗ್ರಾಂ, ಅಡಲಿಮುಮ್ಯಾಬ್ ಆದರೆ 7.5 ಇರಬೇಕು. ಕಡಿಮೆಯಿದ್ದು, ಔಷಧದ ವಿರುದ್ಧ ದೇಹ ಆಂಟಿಬಾಡಿ (ಪ್ರತಿಕಾಯ) ಮಾಡಿಕೊಂಡಿಲ್ಲದಿದ್ದರೆ ಡೋಸ್ ಹೆಚ್ಚಿಸಿ ನೋಡುವುದು ಮೊದಲ ದಾರಿ. ಮಟ್ಟ ಸರಿಯಿದ್ದೂ ಉರಿಯೂತ ಇಳಿಯದಿದ್ದರೆ ಬೇರೆ ಗುಂಪಿನ ಔಷಧಕ್ಕೆ ಬದಲಾಯಿಸಬೇಕು.

ಎರಡು ಬಯಾಲಜಿಕ್‌ಗಳನ್ನು ಜೋಡಿಯಾಗಿ ಕೊಡುವ ಮಾತು ಬರುವುದು ಎರಡು ಸಂದರ್ಭದಲ್ಲಿ. ಒಂದು, ಹಲವು ಗುಂಪುಗಳ ಔಷಧ ಸೋತಾಗ. ಇನ್ನೊಂದು, ವೆಡೊಲಿಜುಮ್ಯಾಬ್ ಎಂಬ ಬಯಾಲಜಿಕ್‌ನಿಂದ ಕರುಳು ಚೆನ್ನಾಗಿದ್ದೂ ಬೆನ್ನುಮೂಳೆಯ ಸಂಧಿವಾತ ಕಾಡುತ್ತಿರುವಾಗ. ಆ ಔಷಧ ಕರುಳಿನಲ್ಲೇ ಹೆಚ್ಚಾಗಿ ಕೆಲಸ ಮಾಡುವುದರಿಂದ ಕೀಲುಗಳಿಗೆ ಅಷ್ಟಾಗಿ ಒದಗುವುದಿಲ್ಲ. ಅದೇ ಕಾರಣಕ್ಕೆ ಜೋಡಿಗೆ ಹೊಂದುತ್ತದೆ. ಟಿಎನ್‌ಎಫ್ (ಉರಿಯೂತ ಹೆಚ್ಚಿಸುವ ಒಂದು ಪ್ರೋಟೀನ್) ತಡೆಯುವ ಎರಡು ಔಷಧಗಳನ್ನು, ಅಂದರೆ ಇನ್‌ಫ್ಲಿಕ್ಸಿಮ್ಯಾಬ್, ಅಡಲಿಮುಮ್ಯಾಬ್‌ನಂಥವನ್ನು, ಒಟ್ಟಿಗೆ ಕೊಡಲೇಬಾರದು: ಸೋಂಕಿನ ಅಪಾಯ ಹೆಚ್ಚುತ್ತದೆ, ಲಾಭವಿಲ್ಲ.

ನಿರೀಕ್ಷೆಯೂ ಹದದಲ್ಲಿರಲಿ. 2023ರಲ್ಲಿ ಪ್ರಕಟವಾದ ವೇಗಾ ಪ್ರಯೋಗದಲ್ಲಿ ಗೊಲಿಮುಮ್ಯಾಬ್ (ಟಿಎನ್‌ಎಫ್ ತಡೆಯುವುದು)–ಗುಸೆಲ್‌ಕುಮ್ಯಾಬ್ (ಬೇರೆ ಗುಂಪಿನದು) ಜೋಡಿಗೆ 12 ವಾರಕ್ಕೆ ಶೇ 83 ಕೊಲೈಟಿಸ್ ರೋಗಿಗಳು ಸ್ಪಂದಿಸಿದರು. ಗುಸೆಲ್‌ಕುಮ್ಯಾಬ್ ಒಂದಕ್ಕೇ ಶೇ 75, ಗೊಲಿಮುಮ್ಯಾಬ್ ಒಂದಕ್ಕೇ ಶೇ 61.

ನಮ್ಮ ದೇಶದಲ್ಲಿ ಕ್ಷಯದ ಪರೀಕ್ಷೆಯನ್ನು ಬಿಡುವಂತೆಯೇ ಇಲ್ಲ. ಹಳೆಯ ವರದಿ ಸಾಲದು, ಹೊಸದಾಗಿ ಮಾಡಿಸಿ. ಸ್ಟಿರಾಯ್ಡ್ ತೆಗೆದುಕೊಳ್ಳುತ್ತಿದ್ದರೆ ಮಾಂಟೂ (ಚರ್ಮದ ಕ್ಷಯ ಪರೀಕ್ಷೆ), ಐಗ್ರಾ (ರಕ್ತದ ಕ್ಷಯ ಪರೀಕ್ಷೆ) ಎರಡೂ ತಪ್ಪಾಗಿ ನೆಗೆಟಿವ್ ಬರಬಹುದು, ಎದೆಯ ಸಿ.ಟಿ. ಬೇಕೇ ಎಂದು ವೈದ್ಯರನ್ನು ಕೇಳಿ. ಸುಪ್ತ ಕ್ಷಯ (ಲಕ್ಷಣವಿಲ್ಲದೆ ದೇಹದಲ್ಲಿ ಅಡಗಿರುವ ಸೋಂಕು) ಸಿಕ್ಕರೆ ಅದರ ಮಾತ್ರೆ ಕನಿಷ್ಠ ಒಂದು ತಿಂಗಳು ನಡೆದ ಮೇಲೆಯೇ ಟಿಎನ್‌ಎಫ್ ತಡೆಯುವ ಔಷಧ. ಹೆಪಟೈಟಿಸ್ ಬಿ ಪರೀಕ್ಷೆಯಲ್ಲಿ ಹಿಂದೆ ಸೋಂಕು ತಗುಲಿತ್ತೇ ಎಂದು ತಿಳಿಸುವ ಕೋರ್ ಆಂಟಿಬಾಡಿಯನ್ನೂ ಸೇರಿಸಿ. ಚಿಕನ್‌ಪಾಕ್ಸ್‌ನಂಥ ಜೀವಂತ ಲಸಿಕೆ ಈಗ ಕೂಡದು.

ಮೊದಲ ಔಷಧದ ಡೋಸ್ ಬದಲಿಸದೆ ಎರಡನೆಯದನ್ನು ಶುರುಮಾಡಬೇಕು, ಇಲ್ಲವಾದರೆ ಯಾವುದು ಫಲ ಕೊಟ್ಟಿತು, ಯಾವುದು ತೊಂದರೆ ಕೊಟ್ಟಿತು ತಿಳಿಯುವುದಿಲ್ಲ. ಸೇರಿಸುವುದು ವೆಡೊಲಿಜುಮ್ಯಾಬ್ ಆದರೆ 300 ಮಿ.ಗ್ರಾಂ ಡ್ರಿಪ್ 0, 2, 6ನೇ ವಾರ, ನಂತರ 8 ವಾರಕ್ಕೊಮ್ಮೆ. ಅದು ನಿಧಾನದ ಔಷಧ, 14ನೇ ವಾರದವರೆಗೆ ಕಾಯಿರಿ. ರೋಗನಿರೋಧಕ ಶಕ್ತಿ ತಗ್ಗಿಸುವ ಅಜಥಯೋಪ್ರಿನ್ ಮಾತ್ರೆ ನಡೆಯುತ್ತಿದ್ದರೆ ಅದು ಮೂರನೆಯದಾಗಿ ಮುಂದುವರಿಯಬೇಕೇ ಎಂದೂ ಕೇಳಿ. ಸಾಮಾನ್ಯವಾಗಿ ನಿಲ್ಲಿಸುವುದೇ ಕ್ಷೇಮ. ಸುಮಾರು 6 ತಿಂಗಳಿಗೆ ಕೊಲೊನೋಸ್ಕೋಪಿ ಮಾಡಿ, ಹುಣ್ಣು ಮಾಯ್ದಿದ್ದರೆ ಒಂದನ್ನು ಬಿಡುವ ಯೋಚನೆ ಮಾಡಬಹುದು.

ಜ್ವರ 100.4 ಡಿಗ್ರಿ ಮುಟ್ಟಿದರೆ ಅಂದಿನ ಇಂಜೆಕ್ಷನ್ ತಡೆದು ವೈದ್ಯರಿಗೆ ಫೋನ್ ಮಾಡಿ. ಎರಡೂ ಔಷಧದ ಹೆಸರು, ಕೊನೆಯ ಡೋಸ್ ತಾರೀಖು ಬರೆದ ಚೀಟಿ ಪರ್ಸಿನಲ್ಲಿರಲಿ.