ಉಸಿರಾಟದ ಪಂಪ್ (ಇನ್ಹೇಲರ್) ಎಳೆಯುವ ಸರಿಯಾದ ಕ್ರಮ: ಶ್ವಾಸಕೋಶದ ಪರೀಕ್ಷೆ ಮುಗಿಸಿ ಮನೆಗೆ ಬಂದವರಿಗೆ

ಬ್ರಾಂಕೋಸ್ಕೊಪಿ, ಅಂದರೆ ಶ್ವಾಸನಾಳದೊಳಗೆ ಕೊಳವೆ ಇಳಿಸಿ ನೋಡುವ ಪರೀಕ್ಷೆ, ಮಾಡಿಸಿಕೊಂಡು ಶಿವಮೊಗ್ಗದಿಂದ ತೀರ್ಥಹಳ್ಳಿಗೋ ಹೊಸನಗರಕ್ಕೋ ಹೊರಟವರು ದಾರಿಯಲ್ಲೇ ಕಾಫಿಗೆ ಇಳಿಯುತ್ತಾರೆ. ಬೇಡ. ಗಂಟಲು ಮರಗಟ್ಟಿಸಿದ ಔಷಧಿ ಇಳಿಯಲು ಸುಮಾರು 2 ಗಂಟೆ ಬೇಕು. ಅದಕ್ಕೂ ಮೊದಲು ಕುಡಿದದ್ದು ಶ್ವಾಸನಾಳಕ್ಕೆ ಹೋಗಬಹುದು. ಆಸ್ಪತ್ರೆಯವರು ಹೇಳಿದ ಹೊತ್ತು ಕಳೆದ ಮೇಲೆ ಒಂದು ಗುಟುಕು ನೀರು ಕುಡಿದು ನೋಡಿ. ಕೆಮ್ಮು ಬರದಿದ್ದರೆ ಊಟ.

ಗಂಟಲು ಕೆರೆತ, ಸಣ್ಣ ಜ್ವರ, ಪರೀಕ್ಷೆಗೆಂದು ಶ್ವಾಸಕೋಶದ ತುಣುಕು ತೆಗೆದಿದ್ದರೆ ಕಫದಲ್ಲಿ ರಕ್ತದ ಗೆರೆ, ಇವು ಒಂದೆರಡು ದಿನ ಇರುತ್ತವೆ. ಚಮಚಗಟ್ಟಲೆ ರಕ್ತ ಬಂದರೆ, ಎದೆ ಚುಚ್ಚಿ ಏದುಸಿರು ಹೆಚ್ಚಾದರೆ ಬೆಳಗಾಗಲಿ ಎಂದು ಕಾಯಬೇಡಿ, 108ಕ್ಕೆ ಕರೆ ಮಾಡಿ.

ಈಗ ಮುಖ್ಯ ವಿಷಯ. ಸಿಒಪಿಡಿ (ಶ್ವಾಸನಾಳ ಕಿರಿದಾಗಿ ಸದಾ ಏದುಸಿರು ಬರುವ ದೀರ್ಘಕಾಲದ ಕಾಯಿಲೆ) ಎಂದು ಗೊತ್ತಾದವರಿಗೆ ಡಾಕ್ಟರು ಇನ್ಹೇಲರ್ ಬರೆಯುತ್ತಾರೆ. ಔಷಧಿ ಸರಿ ಇರುತ್ತದೆ, ಎಳೆಯುವ ರೀತಿ ತಪ್ಪಿರುತ್ತದೆ, ಆಮೇಲೆ 'ಪಂಪ್ ಹಿಡಿಸಲಿಲ್ಲ' ಎಂದು ಮೂಲೆಗಿಡುತ್ತಾರೆ. ಇದನ್ನು ಎಷ್ಟು ಮನೆಗಳಲ್ಲಿ ನೋಡಿದ್ದೇನೋ!

ಒತ್ತುವ ಪಂಪ್ ಆದರೆ ಚೆನ್ನಾಗಿ ಅಲುಗಾಡಿಸಿ. ಬೆನ್ನು ನೆಟ್ಟಗಿಟ್ಟು ಕುಳಿತು, ಉಸಿರನ್ನು ಆದಷ್ಟು ಹೊರಗೆ ಬಿಡಿ. ಪಂಪಿನ ಬಾಯಿಯನ್ನು ತುಟಿಗಳಿಂದ ಬಿಗಿಯಾಗಿ ಮುಚ್ಚಿ, ಉಸಿರು ಒಳಗೆ ಎಳೆಯಲು ಶುರುಮಾಡುತ್ತಲೇ ಒಮ್ಮೆ ಒತ್ತಿ. ನಿಧಾನ, 3ರಿಂದ 5 ಸೆಕೆಂಡ್ ಎಳೆಯಬೇಕು. ಜೋರಾಗಿ ಎಳೆದರೆ ಔಷಧಿ ಗಂಟಲಿಗೆ ಬಡಿದು ಅಲ್ಲೇ ಉಳಿಯುತ್ತದೆ. ಎಳೆದ ಮೇಲೆ 10 ಎಣಿಸುವವರೆಗೆ ಉಸಿರು ಹಿಡಿಯಿರಿ, ಆಗದಿದ್ದರೆ ಆದಷ್ಟು. ಎರಡನೇ ಸಲ ಒತ್ತುವ ಮುನ್ನ ಅರ್ಧ ನಿಮಿಷ ಬಿಡಿ. ವಯಸ್ಸಾದವರಿಗೆ ಕೈ ಮತ್ತು ಉಸಿರಿನ ಹೊಂದಾಣಿಕೆ ಕಷ್ಟ, ಅವರಿಗೆ ಸ್ಪೇಸರ್ (ಪಂಪಿಗೆ ಸಿಕ್ಕಿಸುವ ಪ್ಲಾಸ್ಟಿಕ್ ಕೊಳವೆ) ಕೊಡಿಸಲೇಬೇಕು. ಅದನ್ನು ಸೋಪಿನ ನೀರಲ್ಲಿ ತೊಳೆದು ಹಾಗೇ ಆರಲು ಬಿಡಿ, ಬಟ್ಟೆಯಿಂದ ಒರೆಸಿದರೆ ಔಷಧಿ ಗೋಡೆಗೆ ಅಂಟುತ್ತದೆ.

ಮಾತ್ರೆಯಂತೆ ಕಾಣುವ ಕ್ಯಾಪ್ಸೂಲ್ ಹಾಕುವ ಸಾಧನದ್ದು ಇದಕ್ಕೆ ತದ್ವಿರುದ್ಧ. ಅದನ್ನು ಜೋರಾಗಿ, ಆಳವಾಗಿ ಎಳೆಯಬೇಕು. ಅದರೊಳಗೆ ಉಸಿರು ಊದಬಾರದು. ಆ ಕ್ಯಾಪ್ಸೂಲನ್ನು ನೀರಿನ ಜೊತೆ ನುಂಗಿದವರೂ ಇದ್ದಾರೆ, ಅಂಗಡಿಯವರು ಹೇಳಿಕೊಡದೆ ಕಳಿಸಿದ್ದರ ಫಲ. ನಮ್ಮ ಮಳೆಗಾಲದ ಥಂಡಿಗೆ ಕ್ಯಾಪ್ಸೂಲಿನೊಳಗಿನ ಔಷಧಿ ಪುಡಿ ಗಟ್ಟಿಯಾಗುತ್ತದೆ. ಬೇಕಾದಾಗ ಮಾತ್ರ ಒಂದನ್ನು ಪಟ್ಟಿಯಿಂದ ಬಿಡಿಸಿ, ಡಬ್ಬಿಯನ್ನು ಬಚ್ಚಲ ಹತ್ತಿರ ಇಡಬೇಡಿ.

ಸ್ಟೆರಾಯ್ಡ್ ಇರುವ ಇನ್ಹೇಲರ್ ಎಳೆದ ಮೇಲೆ ಬಾಯಿ ಮುಕ್ಕಳಿಸಿ ಉಗುಳಿ. ಇಲ್ಲವಾದರೆ ನಾಲಗೆಗೆ ಬಿಳಿ ಬೂಸ್ಟು ಬರುತ್ತದೆ.

ಬೀಡಿ ಬಿಡದೆ ಯಾವ ಔಷಧಿಯೂ ನಡೆಯದು. ಬೀಡಿ ಮುಟ್ಟದ ಹೆಂಗಸರಿಗೂ ಈ ಕಾಯಿಲೆ ಬರುತ್ತದೆ, ಕಾರಣ ಕಟ್ಟಿಗೆ ಒಲೆ. ಹಂಡೆ ಕಾಯಿಸುವ ಬಚ್ಚಲೊಲೆ, ಅಡಿಕೆ ಬೇಯಿಸುವ ಒಲೆ, ಎರಡರ ಹತ್ತಿರವೂ ರೋಗಿಯನ್ನು ಕೂರಿಸಬೇಡಿ. ದಿನಾ ಅಂಗಳದಲ್ಲಿ ನಡೆಸಿ, ವರ್ಷಕ್ಕೊಮ್ಮೆ ಫ್ಲೂ ಲಸಿಕೆ ಹಾಕಿಸಿ. ಕಾಂಡಕೋಶದಿಂದ (ಸ್ಟೆಮ್ ಸೆಲ್) ಗುಣ ಮಾಡುತ್ತೇವೆ ಎಂಬ ಜಾಹೀರಾತಿಗೆ ಜಮೀನು ಮಾರಬೇಡಿ, ಅದು ಇನ್ನೂ ಸಾಬೀತಾಗಿಲ್ಲ.

ಆಕ್ಸಿಜನ್ ಯಂತ್ರವನ್ನು ನೀವಾಗಿ ಕೊಳ್ಳಬೇಡಿ. ಸುಮ್ಮನೆ ಕುಳಿತಾಗಲೂ ರಕ್ತದ ಆಮ್ಲಜನಕ ಶೇಕಡ 88 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಡಾಕ್ಟರು ದಿನಕ್ಕೆ 15 ಗಂಟೆಯಾದರೂ ಬಳಸಲು ಹೇಳುತ್ತಾರೆ. ಕಾಯಿಲೆ ತೀವ್ರವಾದಾಗ ಹೆಚ್ಚು ಕೊಟ್ಟರೂ ಅಪಾಯವೇ, ಅವರು ಬರೆದ ಅಳತೆ ಬದಲಿಸಬೇಡಿ. ಮಳೆಗಾಲದಲ್ಲಿ ಕರೆಂಟ್ ಹೋಗುವ ಊರಿನವರು ಜೊತೆಗೊಂದು ಸಿಲಿಂಡರ್ ಇಟ್ಟುಕೊಳ್ಳಿ. ಆ ಕೋಣೆಯಲ್ಲಿ ದೇವರ ದೀಪವನ್ನೂ ಹಚ್ಚಬಾರದು.