ಬೈಕ್ ಸವಾರಿಯ ಚಿತ್ರೀಕರಣ: ಕ್ಯಾಮೆರಾ ಎಲ್ಲಿ ಕೂರಬೇಕು, ಹೇಗೆ ಕೂರಬೇಕು

ಕೊಟ್ಟಿಗೆಹಾರದಲ್ಲಿ ಹೊರಟು ಚಾರ್ಮಾಡಿ ಘಾಟಿಯ ತಿರುವುಗಳನ್ನೆಲ್ಲ ಇಳಿದು ಉಜಿರೆ ಸೇರುವ ಹೊತ್ತಿಗೆ ಕ್ಯಾಮೆರಾದಲ್ಲಿ ಏನು ಉಳಿದಿರುತ್ತದೆ ಎಂಬುದನ್ನು ಕ್ಯಾಮೆರಾದ ಬೆಲೆ ತೀರ್ಮಾನಿಸುವುದಿಲ್ಲ. ಹೊರಡುವ ಮುನ್ನ ಅದನ್ನು ಎಲ್ಲಿ ಕೂರಿಸಿದ್ದೇವೆ, ಎಷ್ಟು ಬಿಗಿಯಾಗಿ ಕೂರಿಸಿದ್ದೇವೆ ಎಂಬುದೇ ತೀರ್ಮಾನಿಸುತ್ತದೆ. ಶಿರಾಡಿ ರಸ್ತೆಯ ಗುಂಡಿಗಳಲ್ಲಿ ಒಂದೇ ಒಂದು ತಿರುಪು ಸಡಿಲಗೊಂಡು, ನನ್ನ ಕ್ಯಾಮೆರಾ ಸುಮಾರು 40 ಕಿಲೋಮೀಟರ್ ದೂರ ಪೆಟ್ರೋಲ್ ಟ್ಯಾಂಕನ್ನೇ ಚಿತ್ರಿಸಿತ್ತು. ಕಾಡಿನ ಒಂದು ದೃಶ್ಯವೂ ಸಿಗಲಿಲ್ಲ. ಆ ದಿನದಿಂದ ಕ್ಯಾಮೆರಾ ಕೂರಿಸುವ ಕೆಲಸಕ್ಕೆ ಸವಾರಿಯ ಹಿಂದಿನ ದಿನವನ್ನೇ ಮೀಸಲಿಡುತ್ತಿದ್ದೇನೆ.

ಜಾಗ ಆರಿಸುವ ಮೊದಲು ಅದುರುವಿಕೆಯನ್ನು ಅರ್ಥ ಮಾಡಿಕೊಳ್ಳಬೇಕು. ಹಳೆಯ ಬುಲೆಟ್‌ನಂತಹ ಒಂಟಿ ಸಿಲಿಂಡರಿನ ಬೈಕುಗಳಲ್ಲಿ ಎಂಜಿನ್ನಿನ ಕಂಪನ ಫ್ರೇಮಿನ ಮೂಲಕ ಹ್ಯಾಂಡಲ್‌ಗೆ, ಅಲ್ಲಿಂದ ಕ್ಯಾಮೆರಾಕ್ಕೆ ಹರಿದು ಬರುತ್ತದೆ. ಕ್ಯಾಮೆರಾದ ಸೆನ್ಸರ್ ದೃಶ್ಯವನ್ನು ಒಂದೇ ಸಲಕ್ಕೆ ಹಿಡಿಯದೆ ಸಾಲು ಸಾಲಾಗಿ ಓದುವುದರಿಂದ, ಓದುವ ಆ ಕ್ಷಣದಲ್ಲಿ ಕ್ಯಾಮೆರಾ ಅದುರಿದರೆ ನೆಟ್ಟಗೆ ನಿಂತ ಕರೆಂಟ್ ಕಂಬವೂ ಹಾವಿನಂತೆ ಬಳುಕುತ್ತದೆ. ಕ್ಯಾಮೆರಾದೊಳಗಿನ ಸ್ಟೆಬಿಲೈಸೇಶನ್ (ಅಲುಗಾಟ ತಗ್ಗಿಸುವ ವ್ಯವಸ್ಥೆ) ರಸ್ತೆಯ ಕುಲುಕಾಟವನ್ನು ಚೆನ್ನಾಗಿಯೇ ಸರಿಪಡಿಸುತ್ತದೆ, ಆದರೆ ಎಂಜಿನ್ನಿನ ಸಣ್ಣ ಮತ್ತು ವೇಗದ ನಡುಕದ ಎದುರು ಅದು ಸೋಲುತ್ತದೆ. ಮೋಡ ಕವಿದ ಕಾಡಿನ ಮಬ್ಬಿನಲ್ಲಿ ಶಟರ್ ಹೆಚ್ಚು ಹೊತ್ತು ತೆರೆದಿರುವುದರಿಂದ ವಿಡಿಯೊದ ಪ್ರತಿ ಫ್ರೇಮಿನೊಳಗೇ ಚಿತ್ರ ಕದಡಿರುತ್ತದೆ, ಮತ್ತು ಹಾಗೆ ಕದಡಿದ್ದನ್ನು ಯಾವ ಸಾಫ್ಟ್‌ವೇರ್ ಕೂಡ ಪೂರ್ತಿಯಾಗಿ ತಿಳಿಗೊಳಿಸಲಾರದು.

ಆ್ಯಕ್ಷನ್ ಕ್ಯಾಮೆರಾ (ಓಡಾಟದ ನಡುವೆ ಚಿತ್ರೀಕರಿಸಲೆಂದೇ ಮಾಡಿದ ಪುಟ್ಟ ಕ್ಯಾಮೆರಾ) ಕೊಳ್ಳುವ ಬದಲು ಇರುವ ಮೊಬೈಲನ್ನೇ ಹ್ಯಾಂಡಲ್‌ಗೆ ಸಿಕ್ಕಿಸಿದರೆ ಸಾಲದೇ ಎಂದು ಕೇಳುವವರಿಗೂ ಉತ್ತರ ಇಲ್ಲಿಯೇ ಇದೆ. ಹೆಚ್ಚು ಶಕ್ತಿಯ ಬೈಕ್ ಎಂಜಿನ್ನುಗಳ ಕಂಪನಕ್ಕೆ ನೇರವಾಗಿ ಒಡ್ಡಿದರೆ ಐಫೋನಿನ ಕ್ಯಾಮೆರಾ ಹಾಳಾಗಬಹುದೆಂದು ಆ್ಯಪಲ್ ಸಂಸ್ಥೆಯೇ 2021ರಲ್ಲಿ ಎಚ್ಚರಿಸಿತ್ತು. ಫೋನಿನೊಳಗೆ ಲೆನ್ಸನ್ನು ಅಲ್ಲಾಡದಂತೆ ಹಿಡಿಯುವ ಸೂಕ್ಷ್ಮ ಭಾಗಗಳು ಆ ನಡುಕವನ್ನು ಹೆಚ್ಚು ಕಾಲ ತಾಳಲಾರವು.

ಇದರಿಂದ ಹೊರಡುವ ಪಾಠ ಸರಳವಾಗಿದೆ. ಸವಾರನ ದೇಹದಷ್ಟು ಚೆನ್ನಾಗಿ ಕಂಪನವನ್ನು ಹೀರಿಕೊಳ್ಳುವ ಬೇರೊಂದು ಸಾಧನ ಬೈಕಿನ ಮೇಲಿಲ್ಲ. ಸೀಟು, ಸೊಂಟ, ಬೆನ್ನು ಮತ್ತು ಕತ್ತನ್ನು ದಾಟಿ ಹೆಲ್ಮೆಟ್ ತಲುಪುವಷ್ಟರಲ್ಲಿ ಎಂಜಿನ್ನಿನ ನಡುಕ ಬಹುಪಾಲು ಅಡಗಿರುತ್ತದೆ. ಆದ್ದರಿಂದ ಮೊದಲ ಬಾರಿಗೆ ಚಿತ್ರೀಕರಿಸುವವರು ಹೆಲ್ಮೆಟ್ಟಿನ ಗದ್ದದ ಭಾಗವನ್ನೇ ಆರಿಸಿಕೊಳ್ಳಬೇಕೆಂಬುದು ನನ್ನ ದೃಢ ಅಭಿಪ್ರಾಯ.

ಗದ್ದದ ಮೇಲೆ ಕೂರಿಸುವ ಕ್ರಮ

ಇದಕ್ಕೆ ಮುಖ ಪೂರ್ತಿ ಮುಚ್ಚುವ ಫುಲ್‌ಫೇಸ್ ಹೆಲ್ಮೆಟ್ ಬೇಕು. ಕ್ಯಾಮೆರಾವನ್ನು ನೆತ್ತಿಯ ಮೇಲೆ ಕೂರಿಸಬೇಡಿ. ಅಲ್ಲಿ ಅದು ಗಾಳಿಗೆ ಸಿಕ್ಕಿ ಕತ್ತನ್ನು ಎಳೆಯುತ್ತದೆ, ರಸ್ತೆಗೆ ಬಾಗಿದ ಕೊಂಬೆಗಳಿಗೆ ತಾಗುತ್ತದೆ, ಬಿದ್ದಾಗ ಪೆಟ್ಟನ್ನು ಒಂದೇ ಬಿಂದುವಿಗೆ ಒತ್ತುವ ಅಪಾಯವೂ ಇರುತ್ತದೆ. ಗದ್ದಕ್ಕೆ ಅಂಟಿನ ಮೌಂಟ್ (ಕ್ಯಾಮೆರಾ ಹಿಡಿಯುವ ಆಧಾರ) ಮತ್ತು ಪಟ್ಟಿಯ ಮೌಂಟ್ ಎರಡೂ ಸಿಗುತ್ತವೆ. ಹೆಲ್ಮೆಟ್ಟಿನ ಮೈ ನುಣುಪಾಗಿದ್ದರೆ ಅಂಟು ಒಳ್ಳೆಯದು. ಮ್ಯಾಟ್ ಬಣ್ಣದ ಒರಟು ಮೈಯ ಮೇಲೆ ಅಂಟು ನೆಚ್ಚಿಕೆಗೆ ಅರ್ಹವಲ್ಲದ ಕಾರಣ ಅಲ್ಲಿ ಪಟ್ಟಿಯನ್ನೇ ಬಳಸಬೇಕು. ಬಳಸುವಾಗ ಅದು ಗಾಳಿಯ ಕಿಂಡಿಯನ್ನು ಮುಚ್ಚದಂತೆ, ವೈಸರ್ ಏರಿಳಿಯಲು ಅಡ್ಡಿಯಾಗದಂತೆ ನೋಡಿಕೊಳ್ಳಬೇಕು.

ಅಂಟಿಸುವ ಜಾಗವನ್ನು ಸೌಮ್ಯ ಸೋಪಿನ ನೀರಿನಿಂದ ಒರೆಸಿ, ಬಳಿಕ ಬರಿಯ ನೀರಿನ ಬಟ್ಟೆಯಿಂದ ಒರೆಸಿ, ಪೂರ್ತಿ ಒಣಗಲು ಬಿಡಿ. ಪೆಟ್ರೋಲ್ ಅಥವಾ ಥಿನ್ನರ್ ಮುಟ್ಟಿಸಲೇಬಾರದು, ಏಕೆಂದರೆ ಹೆಲ್ಮೆಟ್ಟಿನ ಪಾಲಿಕಾರ್ಬೊನೇಟ್ (ಗಟ್ಟಿ ಪ್ಲಾಸ್ಟಿಕ್) ಚಿಪ್ಪು ಅವುಗಳಿಂದ ಕಣ್ಣಿಗೆ ಕಾಣದಂತೆ ದುರ್ಬಲವಾಗುತ್ತದೆ. ಅಂಟಿನ ಪ್ಯಾಡನ್ನು ನಡುವಿನಿಂದ ಅಂಚಿನ ಕಡೆಗೆ ಗಟ್ಟಿಯಾಗಿ ಒತ್ತಿ, 24 ಗಂಟೆ ಮುಟ್ಟದೆ ಇಡಿ. ಬೆಳಿಗ್ಗೆ ಅಂಟಿಸಿ ಮಧ್ಯಾಹ್ನ ಹೊರಡುವವರ ಕ್ಯಾಮೆರಾ ದಾರಿಯಲ್ಲಿ ಕಳಚಿಬಿದ್ದರೆ ಅದು ಅಂಟಿನ ದೋಷವಲ್ಲ. ಹೆಲ್ಮೆಟ್ಟಿಗೆ ತೂತು ಕೊರೆಯುವ ಆಲೋಚನೆಯನ್ನಂತೂ ಯಾರೂ ಮಾಡಬಾರದು.

ಮುಂದೆ ಕೋನವನ್ನು ಹೊಂದಿಸಬೇಕು. ಹೆಲ್ಮೆಟ್ಟನ್ನು ಮೇಜಿನ ಮೇಲಿಟ್ಟು ಹೊಂದಿಸಿದ ಕೋನ ಸವಾರಿಯಲ್ಲಿ ಸರಿಹೋಗುವುದಿಲ್ಲ. ಬೈಕನ್ನು ಸೆಂಟರ್ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಹೆಲ್ಮೆಟ್ ಧರಿಸಿ, ಓಡಿಸುವಾಗ ಕೂರುವಂತೆಯೇ ಕೂತು, ಕ್ಯಾಮೆರಾದ ಆ್ಯಪಿನ ಮೂಲಕ ಫೋನಿನಲ್ಲಿ ದೃಶ್ಯ ನೋಡಿಕೊಳ್ಳಿ. ಮೀಟರ್ ಮತ್ತು ಹ್ಯಾಂಡಲ್ ಚೌಕಟ್ಟಿನ ಕೆಳಗಿನ ಮೂರನೆಯ ಒಂದು ಭಾಗದಲ್ಲಿದ್ದು ದಿಗಂತ ನಡುವಿಗಿಂತ ತುಸು ಮೇಲಿದ್ದರೆ ನೋಡುವವರಿಗೆ ತಾವೇ ಸೀಟಿನ ಮೇಲೆ ಕೂತ ಅನುಭವವಾಗುತ್ತದೆ. ಹೊಸಬರು ಸಾಮಾನ್ಯವಾಗಿ ಕ್ಯಾಮೆರಾವನ್ನು ಕೆಳಮುಖವಾಗಿ ಬಿಡುತ್ತಾರೆ. ಕಣ್ಣಿಗೆ ಸರಿಯೆನಿಸಿದ್ದಕ್ಕಿಂತ ಕೊಂಚ ಮೇಲಕ್ಕೆ ಎತ್ತಿರಿ.

ಹ್ಯಾಂಡಲ್ ಮೇಲೆ ಕೂರಿಸುವುದಾದರೆ

ಹ್ಯಾಂಡಲ್‌ನ ತುದಿ ಹೆಚ್ಚು ಅದುರುತ್ತದೆ. ಬೈಕ್ ತಯಾರಕರು ತುದಿಗೆ ಭಾರದ ತುಂಡುಗಳನ್ನು ಕೂರಿಸುವುದು ಆ ನಡುಕವನ್ನು ತಗ್ಗಿಸಲೆಂದೇ. ಆದ್ದರಿಂದ ಕ್ಲ್ಯಾಂಪನ್ನು ಆದಷ್ಟು ನಡುವಿಗೆ, ಹ್ಯಾಂಡಲ್ ಫೋರ್ಕಿಗೆ ಸೇರುವ ಕಡೆಗೆ ಬಿಗಿಯಬೇಕು. ಕ್ಲ್ಯಾಂಪಿನ ಕೆಳಗೆ ಹಳೆಯ ಸೈಕಲ್ ಟ್ಯೂಬಿನ ತುಂಡನ್ನು ಸುತ್ತಿದರೆ ಹಿಡಿತವೂ ಹೆಚ್ಚುತ್ತದೆ, ನಡುಕವೂ ಸ್ವಲ್ಪ ತಗ್ಗುತ್ತದೆ. ಕ್ಲ್ಯಾಂಪಿನಿಂದ ಕ್ಯಾಮೆರಾದವರೆಗಿನ ತೋಳು ಗಿಡ್ಡದಾಗಿರಲಿ. ಒಂದೊಂದು ಕೀಲು ಸೇರಿದಂತೆಲ್ಲ ಅದುರುವಿಕೆ ಬೆಳೆಯುತ್ತದೆ ಮತ್ತು ಸಡಿಲವಾಗಬಲ್ಲ ತಿರುಪು ಇನ್ನೊಂದು ಕೂಡುತ್ತದೆ.

ಬಿಗಿದ ಮೇಲೆ ಎಂಜಿನ್ ಆರಿಸಿಯೇ ಹ್ಯಾಂಡಲನ್ನು ಪೂರ್ತಿ ಎಡಕ್ಕೆ, ಪೂರ್ತಿ ಬಲಕ್ಕೆ ತಿರುಗಿಸಿ ನೋಡಬೇಕು. ಕ್ಲಚ್ ಮತ್ತು ಆ್ಯಕ್ಸಿಲರೇಟರ್ ಕೇಬಲ್‌ಗಳು, ಬ್ರೇಕಿನ ಹೋಸ್ ಎಲ್ಲಿಯೂ ಎಳೆಯಲ್ಪಡಬಾರದು, ಕ್ಯಾಮೆರಾ ಟ್ಯಾಂಕಿಗೆ ತಾಗಬಾರದು, ಮೀಟರ್ ಮರೆಯಾಗಬಾರದು, ಹಾರ್ನ್ ಮತ್ತು ಇಂಡಿಕೇಟರ್ ಸ್ವಿಚ್ಚಿಗೆ ಹೆಬ್ಬೆರಳು ಸಲೀಸಾಗಿ ಹೋಗಬೇಕು. ಇದರಲ್ಲಿ ಒಂದು ತಪ್ಪಿದರೂ ಆ ಜಾಗವನ್ನು ಬಿಟ್ಟುಬಿಡಿ.

ಬೈಕಿಗೇ ಕಟ್ಟಿದ ಕ್ಯಾಮೆರಾದಲ್ಲಿ ದಿಗಂತವನ್ನು ಸಮವಾಗಿಡುವ ಸೌಲಭ್ಯವನ್ನು ಆಫ್ ಮಾಡಿಟ್ಟರೆ ತಿರುವಿನಲ್ಲಿ ಬೈಕ್ ನೆಟ್ಟಗಿದ್ದು ಬೆಟ್ಟವೇ ವಾಲಿದಂತೆ ಕಾಣುತ್ತದೆ, ಚಾಲೂ ಮಾಡಿದರೆ ಬೆಟ್ಟ ನೆಟ್ಟಗಿದ್ದು ಬೈಕ್ ವಾಲುವುದು ಕಾಣುತ್ತದೆ. ಆಗುಂಬೆಯಂತಹ ಹೇರ್‌ಪಿನ್ ತಿರುವುಗಳಲ್ಲಿ ನನಗೆ ಎರಡನೆಯದೇ ಹೆಚ್ಚು ಮೆಚ್ಚುಗೆ, ಏಕೆಂದರೆ ಸವಾರ ಎಷ್ಟು ಬಾಗಿದ ಎಂಬುದು ಅದರಲ್ಲಿ ಸ್ಪಷ್ಟವಾಗುತ್ತದೆ.

ಎದೆಗೆ ಕಟ್ಟುವ ಬೆಲ್ಟು ಕೈಗಳ ಚಲನೆಯನ್ನು ಸುಂದರವಾಗಿ ತೋರಿಸುತ್ತದೆ, ಆದರೆ ಮಳೆಯ ಜಾಕೆಟ್ ಹಾಕಿದೊಡನೆ ಅದರ ಪ್ರಯೋಜನ ಮುಗಿಯುತ್ತದೆ, ಬಿದ್ದರೆ ಎದೆಗೆ ಒತ್ತುವ ಗಟ್ಟಿ ವಸ್ತುವೂ ಅದೇ. ಕ್ರ್ಯಾಶ್ ಗಾರ್ಡಿನ ಮೇಲಿನ ಕ್ಯಾಮೆರಾ ಚಕ್ರ ಮತ್ತು ರಸ್ತೆಯನ್ನು ಹತ್ತಿರದಿಂದ ಹಿಡಿಯುತ್ತದೆ. ಒಂದೆರಡು ನಿಮಿಷದ ದೃಶ್ಯಕ್ಕೆ ಮಾತ್ರ ಬಳಸಿ ತೆಗೆದಿಡಿ. ಗಾಳಿ ಹೀರಿ ಹಿಡಿಯುವ ಸಕ್ಷನ್ ಕಪ್‌ಗಳನ್ನು ನಮ್ಮ ಧೂಳು ಮತ್ತು ಹಂಪುಗಳ ರಸ್ತೆಯಲ್ಲಿ ನಾನು ನೆಚ್ಚುವುದಿಲ್ಲ. ಹಿಂಬದಿಯ ಕ್ಯಾರಿಯರ್‌ಗೆ ಕಟ್ಟುವವರು ನಂಬರ್ ಪ್ಲೇಟು, ಬ್ರೇಕ್ ದೀಪ ಮುಚ್ಚದಂತೆ ಕಟ್ಟಬೇಕು.

ಯಾವ ಜಾಗವಾದರೂ ಎರಡನೆಯ ಹಿಡಿತ ಇರಲೇಬೇಕು. ಮೌಂಟ್ ಬಿಟ್ಟುಹೋದರೂ ಕ್ಯಾಮೆರಾ ಬೀಳದಂತೆ ಗಟ್ಟಿ ದಾರವೊಂದನ್ನು ಬೇರೆ ಬಿಂದುವಿಗೆ ಕಟ್ಟಿರಿ. ದಾರ ಗಿಡ್ಡವಾಗಿರಲಿ, ಜೋತಾಡುವ ಕ್ಯಾಮೆರಾ ಮುಂದಿನ ಚಕ್ರವನ್ನೋ ಚೈನನ್ನೋ ತಲುಪುವಷ್ಟು ಉದ್ದವಿದ್ದರೆ ದಾರವೇ ಅಪಘಾತಕ್ಕೆ ಕಾರಣವಾದೀತು.

ಸೆಟಿಂಗ್ ಮತ್ತು ಪರೀಕ್ಷೆ

4ಕೆ ಗುಣಮಟ್ಟದಲ್ಲಿ ಸೆಕೆಂಡಿಗೆ 30 ಫ್ರೇಮ್ ಸಾಮಾನ್ಯ ಸವಾರಿಗೆ ಸಾಕು. ಸೆಕೆಂಡಿಗೆ 100 ಮೆಗಾಬಿಟ್ ದರದಲ್ಲಿ ದಾಖಲಿಸಿದರೆ ಗಂಟೆಗೆ ಸುಮಾರು 45 ಜಿಬಿ ಜಾಗ ಬೇಕಾಗುವುದರಿಂದ, ವಿ30 ಗುರುತಿನ (ವಿಡಿಯೊ ದಾಖಲಿಸುವಷ್ಟು ವೇಗದ) 128 ಜಿಬಿ ಕಾರ್ಡಿನಲ್ಲಿ ಮೂರು ಗಂಟೆಗೆ ತುಸು ಕಡಿಮೆ ಹಿಡಿಯುತ್ತದೆ. ಸಿಗ್ನಲ್ಲಿನಲ್ಲಿ ನಿಂತಾಗ ಗಾಳಿ ಆಡದೆ ಕ್ಯಾಮೆರಾ ಬಿಸಿಯೇರಿ ತಾನೇ ನಿಂತುಬಿಡುವುದುಂಟು. ಊರಿನೊಳಗೆ ಅದನ್ನು ಆರಿಸಿಡುವುದೇ ಜಾಣತನ. ಪವರ್ ಬ್ಯಾಂಕಿನಿಂದ ಚಾರ್ಜ್ ಮಾಡಲು ಪಕ್ಕದ ಮುಚ್ಚಳ ತೆರೆದಾಗ ಕ್ಯಾಮೆರಾ ಜಲನಿರೋಧಕವಾಗಿ ಉಳಿಯುವುದಿಲ್ಲ ಎಂಬುದನ್ನು ಮಲೆನಾಡಿನ ಮಳೆಯಲ್ಲಿ ಹೊರಟವರು ನೆನಪಿಡಬೇಕು. ಲೆನ್ಸಿನ ಮೇಲೆ ಕೂತ ಒಂದು ಹನಿ ಇಡೀ ಘಾಟಿಯ ದೃಶ್ಯವನ್ನು ಕೆಡಿಸಬಲ್ಲದು, ಹಾಗಾಗಿ ಒಣಬಟ್ಟೆಯೊಂದು ಕೈಗೆಟಕುವ ಜೇಬಿನಲ್ಲಿರಲಿ.

ಮನೆಯ ಸುತ್ತ ಐದು ಕಿಲೋಮೀಟರ್ ಓಡಿಸಿ, ಬಂದು, ದೃಶ್ಯವನ್ನು ದೊಡ್ಡ ಪರದೆಯಲ್ಲಿ ನೋಡಿ. ಫೋನಿನ ಪುಟ್ಟ ಪರದೆ ನಡುಕವನ್ನು ಮರೆಮಾಚುತ್ತದೆ. ಪ್ರಯಾಣದ ದಿನ ಮೊದಲ 15 ಕಿಲೋಮೀಟರಿಗೆ ಒಮ್ಮೆ, ಬಳಿಕ ಟೀ ಕುಡಿಯಲು ನಿಂತಲ್ಲೆಲ್ಲ ತಿರುಪುಗಳನ್ನು ಬಿಗಿಮಾಡಿ. ಕ್ಯಾಮೆರಾವನ್ನು ಚಾಲೂ ಮಾಡುವುದು, ಕೋನ ಬದಲಿಸುವುದು, ಎಲ್ಲವೂ ಬೈಕ್ ನಿಲ್ಲಿಸಿಯೇ ಆಗಬೇಕು.

ಕಾನೂನಿನ ವಿಷಯವೂ ಇದೆ. 1988ರ ಮೋಟಾರು ವಾಹನ ಕಾಯ್ದೆಯ 129ನೇ ಕಲಮಿನಂತೆ ಹೆಲ್ಮೆಟ್ ನಿಗದಿತ ಗುಣಮಟ್ಟದ್ದಾಗಿರಬೇಕು. ಹೆಲ್ಮೆಟ್ಟಿನ ಮೇಲೆ ಕ್ಯಾಮೆರಾ ಇರಿಸಿದವರ ವಿರುದ್ಧ ಕೇರಳದ ಮೋಟಾರು ವಾಹನ ಇಲಾಖೆ 2022ರಲ್ಲಿ ಕ್ರಮಕ್ಕೆ ಮುಂದಾಗಿತ್ತು. ವಯನಾಡಿನ ಕಡೆ ಹೊರಡುವವರು ಅಲ್ಲಿನ ಈಗಿನ ನಿಯಮವನ್ನು ವಿಚಾರಿಸಿಕೊಳ್ಳುವುದು ಒಳ್ಳೆಯದು. ಅದೇ ದಾರಿಯ ಬಂಡೀಪುರದಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರವಿಲ್ಲ, ಹಗಲಿನಲ್ಲಿಯೂ ಆನೆ ಕಂಡಿತೆಂದು ಬೈಕ್ ನಿಲ್ಲಿಸುವಂತಿಲ್ಲ. ಕ್ಯಾಮೆರಾವನ್ನು ಕಾಡಿನ ಗೇಟಿಗೆ ಮೊದಲೇ ಚಾಲೂ ಮಾಡಿ ಒಳಹೋಗಬೇಕು.

ಮನೆಗೆ ಮರಳಿದ ಮೇಲೆ ಕ್ಯಾಮೆರಾವನ್ನು ಬಿಚ್ಚಿ ಒಣಗಿಸಿ, ಅಂಟಿನ ಪ್ಯಾಡಿನ ಅಂಚಿಗೆ ಉಗುರು ತೂರಿಸಿ ನೋಡಿ. ಉಗುರು ಒಳಗೆ ಹೋದರೆ ಆ ಪ್ಯಾಡಿನ ಆಯುಸ್ಸು ಮುಗಿದಿದೆ ಎಂದರ್ಥ. ಗಾಳದ ನೈಲಾನ್ ದಾರವನ್ನು ಅದರ ಅಡಿಯಲ್ಲಿ ಗರಗಸದಂತೆ ಎಳೆದು ಬಿಡಿಸಿ, ಮುಂದಿನ ಸವಾರಿಗೆ ಒಂದು ದಿನ ಮೊದಲೇ ಹೊಸದನ್ನು ಅಂಟಿಸಿರಿ.